4294967297: ಹತ್ತಂಕಿಯ ಸಂಖ್ಯೆಯೊಂದನ್ನು ಕಾಗದದ ಮೇಲೆ ಬಿಡಿಸುವುದು ಹೇಗೆ

ದೊಡ್ಡ ಸಂಖ್ಯೆಯೊಂದನ್ನು ಕೈಗೆ ಕೊಟ್ಟು ‘ಇದರ ಗುಣಗಳನ್ನು ಹುಡುಕಿ’ ಎಂದರೆ ಹೆಚ್ಚಿನವರು 3ರಿಂದ ಭಾಗಿಸುತ್ತಾರೆ, 7ರಿಂದ ಭಾಗಿಸುತ್ತಾರೆ, 11, 13, 17 ಎಂದು ಮುಂದುವರಿದು ಸ್ವಲ್ಪ ಹೊತ್ತಿನಲ್ಲೇ ಕೈಚೆಲ್ಲುತ್ತಾರೆ. ಆಮೇಲೆ ಕಂಪ್ಯೂಟರಿಗೆ ಕೊಡುತ್ತಾರೆ. ಅದು ಕ್ಷಣಾರ್ಧದಲ್ಲಿ ಉತ್ತರ ಹೇಳುತ್ತದೆ, ಸಂಖ್ಯೆಯ ಬಗ್ಗೆ ಮಾತ್ರ ಏನೂ ತಿಳಿದಿರುವುದಿಲ್ಲ. ಭಾಗಿಸಲು ಕೂರುವ ಮೊದಲು ‘ಈ ಸಂಖ್ಯೆ ಎಲ್ಲಿಂದ ಬಂತು, ಇದನ್ನು ಭಾಗಿಸಬಲ್ಲ ಸಂಖ್ಯೆ ಹೇಗಿರಲೇಬೇಕು’ ಎಂದು ಕೇಳಿಕೊಂಡರೆ ಸಾವಿರಾರು ಭಾಗಾಕಾರಗಳ ಕೆಲಸ ಒಂದೆರಡಕ್ಕೆ ಇಳಿಯುವುದುಂಟು. ಅದನ್ನು ಮಾಡಿ ತೋರಿಸಲು 4294967297ಕ್ಕಿಂತ ಒಳ್ಳೆಯ ಸಂಖ್ಯೆ ನನಗೆ ಗೊತ್ತಿಲ್ಲ.

ಓದುವಾಗ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಇದು ಅವಿಭಾಜ್ಯ ಸಂಖ್ಯೆ ಎಂದು ಪಿಯರ್ ದ ಫರ್ಮಾ 1640ರ ಸುಮಾರಿಗೆ ನಂಬಿದ್ದ. ಫರ್ಮಾನ ಈ ಊಹೆಯ ಬಗ್ಗೆ ಕ್ರಿಶ್ಚಿಯನ್ ಗೋಲ್ಡ್‌ಬಾಕ್ 1729ರ ಡಿಸೆಂಬರಿನಲ್ಲಿ ಲಿಯೊನಾರ್ಡ್ ಆಯ್ಲರ್‌ಗೆ ಪತ್ರ ಬರೆದು ಕೇಳಿದ. 1732ರಲ್ಲಿ ಆಯ್ಲರ್ ಊಹೆ ತಪ್ಪೆಂದು ತೋರಿಸಿದ. ತೊಂಬತ್ತೆರಡು ವರ್ಷ ಗುಟ್ಟು ಬಿಟ್ಟುಕೊಡದ ಈ ಸಂಖ್ಯೆಯನ್ನು ಇಂದು ನೀವು ಒಂದು ಸಂಜೆಯಲ್ಲಿ ಬಿಡಿಸಬಹುದು. ಬೇಕಾದದ್ದು ಕಾಗದ, ಪೆನ್ಸಿಲ್, ಪ್ರೌಢಶಾಲೆಯ ಬೀಜಗಣಿತ. ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿರಲಿ, ತಾಳೆ ನೋಡಲು ಮಾತ್ರ.

ಮೊದಲು ಸಂಖ್ಯೆಯ ಹುಟ್ಟು ತಿಳಿಯಿರಿ

2ನ್ನು ತೆಗೆದುಕೊಂಡು ವರ್ಗ ಮಾಡುತ್ತಾ ಹೋಗಿ: 2, 4, 16, 256, 65536. ಇನ್ನೊಮ್ಮೆ ವರ್ಗ ಮಾಡಲು 65536ನ್ನು 65000 + 536 ಎಂದು ಒಡೆಯಿರಿ. 65000ದ ವರ್ಗ 4225000000, ಎರಡರ ಗುಣಲಬ್ಧದ ಇಮ್ಮಡಿ 69680000, 536ರ ವರ್ಗ 287296. ಮೂರನ್ನೂ ಕೂಡಿದರೆ 4294967296. ಇದಕ್ಕೆ ಒಂದು ಸೇರಿಸಿದರೆ ನಮ್ಮ ಸಂಖ್ಯೆ.

ಅಂದರೆ 4294967297 = 2³² + 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಒಂದು 1, ಮೂವತ್ತೊಂದು ಸೊನ್ನೆ, ಕೊನೆಗೆ ಮತ್ತೊಂದು 1. ದಶಮಾನದಲ್ಲಿ ಯಾವ ಕ್ರಮವೂ ಕಾಣದ ಹತ್ತು ಅಂಕಿಗಳ ಹಿಂದೆ ಇಷ್ಟು ಸರಳವಾದ ರಚನೆ ಅಡಗಿದೆ. ಮುಂದಿನ ಪ್ರತಿಯೊಂದು ಹೆಜ್ಜೆಯೂ ಈ ಒಂದು ಸಾಲಿನ ಮೇಲೆ ನಿಂತಿದೆ.

ಮೇಲಿನ ಸರಣಿಯ ಪ್ರತಿ ಸಂಖ್ಯೆಗೂ ಒಂದೊಂದು ಸೇರಿಸಿದರೆ 3, 5, 17, 257, 65537 ಬರುತ್ತವೆ. ಇವನ್ನು ಫರ್ಮಾ ಸಂಖ್ಯೆಗಳೆನ್ನುತ್ತಾರೆ. ಐದೂ ಅವಿಭಾಜ್ಯಗಳು. ಇದನ್ನು ನೋಡಿಯೇ ಫರ್ಮಾ ಮುಂದಿನವೂ ಹಾಗೆಯೇ ಇರುತ್ತವೆ ಎಂದು ಭಾವಿಸಿದ್ದು. ಮುಂದಿನದೇ ನಮ್ಮದು.

ಸಣ್ಣ ಭಾಜಕಗಳನ್ನು ಬೇಗ ಮುಗಿಸಿ

ಬೆಸ ಸಂಖ್ಯೆಯಾದ್ದರಿಂದ 2 ಇಲ್ಲ, ಕೊನೆಯ ಅಂಕಿ 7 ಆದ್ದರಿಂದ 5 ಇಲ್ಲ. ಅಂಕಿಗಳ ಮೊತ್ತ 59, ಹಾಗಾಗಿ 3 ಇಲ್ಲ. 7, 11, 13ಕ್ಕೆ ಬೇರೆಬೇರೆ ಪರೀಕ್ಷೆ ಬೇಡ. 7 × 11 × 13 = 1001 ಎಂಬುದನ್ನು ಬಳಸಿ ಮೂರನ್ನೂ ಒಂದೇ ಪೆಟ್ಟಿಗೆ ನೋಡಬಹುದು. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ: 4, 294, 967, 297. ಬಲದಿಂದ ಶುರುಮಾಡಿ ಒಂದನ್ನು ಕೂಡಿ, ಮುಂದಿನದನ್ನು ಕಳೆಯಿರಿ: 297 − 967 + 294 − 4 = −380. ಮೂಲ ಸಂಖ್ಯೆಗೆ ಈ ಮೂರರಲ್ಲಿ ಯಾವುದಾದರೂ ಭಾಜಕವಾಗಿದ್ದರೆ 380ಕ್ಕೂ ಆಗಬೇಕಿತ್ತು. 380ನ್ನು 7ರಿಂದ ಭಾಗಿಸಿದರೆ 2 ಉಳಿಯುತ್ತದೆ, 11ರಿಂದ 6, 13ರಿಂದ 3. ಮೂರೂ ಹೋದವು. ಈ 1001ರ ಉಪಾಯ ಯಾವ ಸಂಖ್ಯೆಗೂ ಒಗ್ಗುತ್ತದೆ, ನೆನಪಿಟ್ಟುಕೊಳ್ಳಿ.

ಇಲ್ಲಿಗೆ ನಿಲ್ಲಿಸಿ. ಹೀಗೇ ಮುಂದುವರಿದರೆ ವರ್ಗಮೂಲದವರೆಗೆ, ಅಂದರೆ 65536ರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ನೋಡಬೇಕಾಗುತ್ತದೆ. ಅವು ಒಟ್ಟು 6542 ಇವೆ.

ಹಿಂದಿನ ಐವರನ್ನು ಒಟ್ಟಿಗೆ ಹೊರಗಿಡಿ

ನಮ್ಮ ಸಂಖ್ಯೆಯಿಂದ 2 ಕಳೆದರೆ 4294967295, ಅಂದರೆ 2³² − 1. ಎರಡು ವರ್ಗಗಳ ವ್ಯತ್ಯಾಸದ ಸೂತ್ರವನ್ನು ಇದರ ಮೇಲೆ ಮತ್ತೆ ಮತ್ತೆ ಹಾಕಿ. ಮೊದಲ ಸಲಕ್ಕೆ (2¹⁶ + 1)(2¹⁶ − 1) ಸಿಗುತ್ತದೆ. ಎರಡನೆಯ ಆವರಣ ಮತ್ತೆ ಅದೇ ಬಗೆಯದು, (2⁸ + 1)(2⁸ − 1). ಹೀಗೆ ಇಳಿಯುತ್ತಾ ಹೋದರೆ ಕೊನೆಗೆ

4294967295 = 3 × 5 × 17 × 257 × 65537

ಎಂದಾಗುತ್ತದೆ. ಈ ಐದರಲ್ಲಿ ಯಾವುದೇ ಒಂದು 4294967297ನ್ನೂ ನಿಶ್ಶೇಷವಾಗಿ ಭಾಗಿಸುವುದಾದರೆ ಎರಡರ ವ್ಯತ್ಯಾಸವಾದ 2ನ್ನೂ ಭಾಗಿಸಬೇಕು. ಅದು ಸಾಧ್ಯವಿಲ್ಲ. ಆದ್ದರಿಂದ 17, 257, 65537ರಿಂದ ಭಾಗಿಸಿ ನೋಡುವ ಅಗತ್ಯವೇ ಇಲ್ಲ, ಮೂರರಲ್ಲೂ ಶೇಷ 2 ಎಂದು ಕಣ್ಣುಮುಚ್ಚಿ ಬರೆಯಬಹುದು. 257 ಹೊರಬಿದ್ದದ್ದು ಮುಂದೆ ನಮಗೆ ಬಹಳ ಸಹಾಯಕ್ಕೆ ಬರುತ್ತದೆ.

ಈಗ ಮುಖ್ಯ ಪ್ರಶ್ನೆ: ಭಾಜಕ ಹೇಗಿರಬೇಕು?

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿ ಬರುವ ತರ್ಕ ಅರ್ಥವಾದರೆ ಉಳಿದದ್ದು ಬರೀ ಕೂಡುವುದು, ಕಳೆಯುವುದು.

ಒಂದು ಅವಿಭಾಜ್ಯ ಸಂಖ್ಯೆಯನ್ನು ಇಟ್ಟುಕೊಂಡು 2ರ ಘಾತಗಳನ್ನು ಅದರಿಂದ ಭಾಗಿಸಿ ಶೇಷಗಳನ್ನು ಬರೆಯುತ್ತಾ ಹೋಗಿ. 7ರಿಂದ ಭಾಗಿಸಿದರೆ ಶೇಷಗಳು 2, 4, 1, 2, 4, 1 ಎಂದು ಮೂರು ಮೂರಕ್ಕೊಮ್ಮೆ ಮರಳುತ್ತವೆ. 5ರಿಂದ ಭಾಗಿಸಿದರೆ 2, 4, 3, 1, ಮತ್ತೆ 2, 4, 3, 1. ಯಾವ ಬೆಸ ಅವಿಭಾಜ್ಯವನ್ನು ತೆಗೆದುಕೊಂಡರೂ ಹೀಗೊಂದು ಸುತ್ತು ಇರುತ್ತದೆ. ಆ ಸುತ್ತಿನ ಉದ್ದ ಯಾವಾಗಲೂ ‘ಅವಿಭಾಜ್ಯ ಸಂಖ್ಯೆ ಕಳೆ ಒಂದು’ ಎಂಬುದರ ಭಾಜಕ. 7ಕ್ಕೆ ಸುತ್ತು 3, ಅದು 6ನ್ನು ಭಾಗಿಸುತ್ತದೆ. 5ಕ್ಕೆ ಸುತ್ತು 4, ಅದು 4ನ್ನು ಭಾಗಿಸುತ್ತದೆ. ಇದು ಫರ್ಮಾನ ಕಿರು ಪ್ರಮೇಯದ ಫಲ. ತನ್ನ ಊಹೆಯನ್ನು ಕೆಡವಬಲ್ಲ ಆಯುಧವನ್ನು ಫರ್ಮಾನೇ ಅದೇ 1640ರಲ್ಲಿ ಕಂಡುಕೊಂಡಿದ್ದ ಎಂಬುದು ಈ ಕಥೆಯಲ್ಲಿ ನನ್ನನ್ನು ಅತ್ಯಂತ ಹಿಡಿದು ನಿಲ್ಲಿಸುವ ಸಂಗತಿ.

ಈಗ ‘ಪ’ ಎಂಬ ಅವಿಭಾಜ್ಯ ಸಂಖ್ಯೆ 2³² + 1ನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳಿ. ಹಾಗಾದರೆ 2³²ನ್ನು ಪ ಇಂದ ಭಾಗಿಸಿದಾಗ ಶೇಷ −1. ಶೇಷ −1 ಎಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ ಬಿದ್ದಿದೆ ಎಂದಷ್ಟೇ ಅರ್ಥ. ಇದನ್ನು ವರ್ಗ ಮಾಡಿದರೆ 2⁶⁴ರ ಶೇಷ +1. ಶೇಷ 1 ಬಂತೆಂದರೆ ಸುತ್ತು ಮುಗಿಯಿತು, ಹಾಗಾಗಿ ಸುತ್ತಿನ ಉದ್ದ 64ರ ಭಾಜಕವಾಗಿರಬೇಕು: 1, 2, 4, 8, 16, 32 ಅಥವಾ 64. ಆದರೆ ಅದು 32 ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ 2³²ರ ಶೇಷ +1 ಆಗಬೇಕಿತ್ತು, ನಮ್ಮಲ್ಲಿ ಅದು −1. ಆದ್ದರಿಂದ ಸುತ್ತು ಸರಿಯಾಗಿ 64. ಅಂದರೆ ಪ − 1 ಎಂಬುದು 64ರ ಗುಣಕ.

ಇಷ್ಟರಿಂದಲೇ ಭಾಜಕವು 64ರ ಯಾವುದಾದರೂ ಗುಣಕಕ್ಕೆ ಒಂದು ಸೇರಿಸಿದ ರೂಪದಲ್ಲಿರಬೇಕೆಂದು ಗೊತ್ತಾಯಿತು. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641… ಇದು ಆಯ್ಲರ್ ಕಂಡುಕೊಂಡ ನಿಯಮ.

ಇದನ್ನು ಇನ್ನೂ ಒಂದು ಸುತ್ತು ಬಿಗಿಗೊಳಿಸಬಹುದು. ಎದುವಾರ್ ಲ್ಯೂಕಾ 1878ರಲ್ಲಿ ತೋರಿಸಿದಂತೆ 64ರ ಜಾಗದಲ್ಲಿ 128 ಹಾಕಬಹುದು. ಕಾರಣ ಹೀಗಿದೆ. 2⁸ × (2¹⁶ − 1) ಎಂಬ ಸಂಖ್ಯೆಯನ್ನು, ಅಂದರೆ 16776960ನ್ನು ತೆಗೆದುಕೊಳ್ಳಿ. ಅದರ ವರ್ಗ 2¹⁶ × (2³² − 2¹⁷ + 1). ಆವರಣದೊಳಗಿನ 2³² + 1 ಭಾಗವು ಪ ಇಂದ ಪೂರ್ತಿ ಭಾಗವಾಗಿ ಹೋಗುತ್ತದೆ. ಉಳಿದದ್ದು −2¹⁷ × 2¹⁶, ಅಂದರೆ −2³³. 2³²ರ ಶೇಷ −1 ಆದ್ದರಿಂದ −2³³ರ ಶೇಷ +2. ಹೀಗೆ, ವರ್ಗ ಮಾಡಿದಾಗ ಶೇಷ 2 ಕೊಡುವ ಒಂದು ಸಂಖ್ಯೆ ನಮ್ಮ ಕೈಯಲ್ಲಿದೆ. 2ರ ಸುತ್ತು 64 ಆದರೆ ಅದರ ‘ವರ್ಗಮೂಲ’ದ ಸುತ್ತು ಅದರ ಎರಡರಷ್ಟು, 128. ಆ ಸುತ್ತೂ ಪ − 1ನ್ನು ಭಾಗಿಸಲೇಬೇಕು. ಆದ್ದರಿಂದ ಪ − 1 ಎಂಬುದು 128ರ ಗುಣಕ.

ಪಟ್ಟಿ ಬರೆಯಿರಿ: 129, 257, 385, 513, 641. ಮೊದಲನೆಯದು 3 × 43, ಹೋಯಿತು. 257 ಆಗಲೇ ಹೊರಬಿದ್ದಿದೆ. 385 ಎಂದರೆ 5 × 7 × 11. 513ರ ಅಂಕಿಗಳ ಮೊತ್ತ 9, ಅದು 3ರ ಗುಣಕ. ನಿಜವಾಗಿ ಭಾಗಿಸಿ ನೋಡಬೇಕಾದ ಮೊಟ್ಟಮೊದಲ ಸಂಖ್ಯೆಯೇ 641.

641ನ್ನು ಪರೀಕ್ಷಿಸುವುದು

ಹತ್ತಂಕಿಯ ಸಂಖ್ಯೆಯನ್ನು ನೇರವಾಗಿ ಭಾಗಿಸಬೇಡಿ. ವರ್ಗ ಮಾಡಿ, ಶೇಷ ತೆಗೆದು, ಆ ಶೇಷವನ್ನೇ ಮತ್ತೆ ವರ್ಗ ಮಾಡಿ. ಸಂಖ್ಯೆಗಳು ಎಂದೂ ಕೈಮೀರಿ ಬೆಳೆಯುವುದಿಲ್ಲ.

2⁸ = 256. ಇದು 641ಕ್ಕಿಂತ ಚಿಕ್ಕದು, ಹಾಗೇ ಇಡಿ.

2¹⁶ = 65536. 641 × 102 = 65382. ಶೇಷ 154.

2³²ರ ಶೇಷಕ್ಕಾಗಿ 154ರ ವರ್ಗ: 23716. ಈಗ 641 × 37 ಎಷ್ಟು? 23717.

ಸರಿಯಾಗಿ ಒಂದು ಕಡಿಮೆ! 2³²ರ ಶೇಷ −1, ಅಂದರೆ 2³² + 1ರ ಶೇಷ ಸೊನ್ನೆ. ತೊಂಬತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದ ಭಾಜಕ ಮೂರು ಸಾಲಿನಲ್ಲಿ ಸಿಕ್ಕಿತು. 23716, 23717 ಎಂಬ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ನಿಮ್ಮ ಕೈಯಿಂದಲೇ ಬರೆದು ನೋಡಿ. ಓದಿ ಬಿಡುವುದಕ್ಕೂ ಬರೆದು ನೋಡುವುದಕ್ಕೂ ತುಂಬ ವ್ಯತ್ಯಾಸವಿದೆ.

ಇನ್ನು ದೀರ್ಘ ಭಾಗಾಕಾರ ಮಾಡಿ ಭಾಗಲಬ್ಧ ತೆಗೆಯಿರಿ: 6700417. ತಾಳೆ ನೋಡುವುದು ಸುಲಭ. 6700417 × 600 = 4020250200, 6700417 × 41 = 274717097, ಎರಡನ್ನೂ ಕೂಡಿದರೆ 4294967297.

641ರ ಬಗ್ಗೆ ಪುಸ್ತಕಗಳಲ್ಲಿ ಇನ್ನೊಂದು ಚಂದದ ಸಾಧನೆ ಸಿಗುತ್ತದೆ. 641 = 5 × 2⁷ + 1, ಜೊತೆಗೆ 641 = 5⁴ + 2⁴. ಮೊದಲನೆಯದರಿಂದ 5 × 2⁷ರ ಶೇಷ −1. ಅದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ +1. ಎರಡನೆಯದರಿಂದ 5⁴ರ ಶೇಷವೂ −2⁴ರ ಶೇಷವೂ ಒಂದೇ. ಬದಲಿಸಿ ಹಾಕಿದರೆ −2³²ರ ಶೇಷ +1. ಮುಗಿಯಿತು. ಒಂದೇ ಒಂದು ದೊಡ್ಡ ಸಂಖ್ಯೆಯನ್ನೂ ಮುಟ್ಟದೆ ಸಾಧಿಸಿದ್ದಾಯಿತು. ಇದು ಬಹಳ ಸೊಗಸಾಗಿದೆ, ನಿಜ. ಆದರೆ ಕಲಿಯುವವರಿಗೆ ಇದನ್ನೇ ಮೊದಲು ತೋರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಉತ್ತರ 641 ಎಂದು ಗೊತ್ತಿದ್ದವರಿಗೆ ಮಾತ್ರ ಈ ದಾರಿ ಕಾಣುತ್ತದೆ. 128ರ ನಿಯಮವಾದರೋ ಉತ್ತರ ಗೊತ್ತಿಲ್ಲದವರನ್ನೂ 641ರ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

6700417 ಇನ್ನೂ ಒಡೆಯುತ್ತದೆಯೇ?

ಇಲ್ಲಿ ಹಲವರು ಕೆಲಸ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ, ಉಳಿದ ತುಂಡು ಅವಿಭಾಜ್ಯವೇ ಎಂದು ತಿಳಿಯದೆ ಅಪವರ್ತನ ಪೂರ್ತಿಯಾಗುವುದಿಲ್ಲ. ಅದೃಷ್ಟವಶಾತ್ ಹೆಚ್ಚು ಶ್ರಮವಿಲ್ಲ. 6700417ನ್ನು ಭಾಗಿಸುವ ಅವಿಭಾಜ್ಯ ನಮ್ಮ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ, ಆದ್ದರಿಂದ ಅದಕ್ಕೂ 128ರ ನಿಯಮವೇ ಅನ್ವಯ. 2588ರ ವರ್ಗ 6697744, 2589ರ ವರ್ಗ 6702921. ಹಾಗಾಗಿ 2588ರವರೆಗೆ ಹುಡುಕಿದರೆ ಸಾಕು.

128ರ ಗುಣಕಕ್ಕೆ ಒಂದು ಸೇರಿಸಿದ ಸಂಖ್ಯೆಗಳು ಅಷ್ಟರೊಳಗೆ ಇಪ್ಪತ್ತೇ ಇವೆ, 129ರಿಂದ 2561ರವರೆಗೆ. ಹೆಚ್ಚಿನವು 3, 5, 7ರಂಥ ಸಣ್ಣವುಗಳಿಂದಲೇ ಉದುರುತ್ತವೆ. ಸ್ವಲ್ಪ ಸತಾಯಿಸುವವು 1537 (29 × 53), 1793 (11 × 163), 1921 (17 × 113) ಮತ್ತು 2561 (13 × 197). ಕೊನೆಗೆ ಉಳಿಯುವ ಅವಿಭಾಜ್ಯಗಳು 257, 641, 769, 1153, 1409. 257ನ್ನು ಬಿಟ್ಟರೆ ನಾಲ್ಕೇ ಭಾಗಾಕಾರ:

6700417 = 641 × 10453 + 44
6700417 = 769 × 8713 + 120
6700417 = 1153 × 5811 + 334
6700417 = 1409 × 4755 + 622

ಎಲ್ಲದರಲ್ಲೂ ಶೇಷ ಉಳಿಯಿತು. 6700417 ಅವಿಭಾಜ್ಯ. 6542 ಭಾಗಾಕಾರಗಳ ಕೆಲಸ ಒಟ್ಟು ಐದರಲ್ಲಿ ಮುಗಿಯಿತು, ಮೂಲ ಸಂಖ್ಯೆಯ ಅಪವರ್ತನ ಈಗ ಪೂರ್ತಿ: 641 × 6700417.

ಎರಡು ವರ್ಗಗಳ ಮೊತ್ತವಾಗಿ ಬರೆಯುವುದು

ಈ ಸಂಖ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಇನ್ನು ಬರುತ್ತದೆ. 4294967297 = 65536² + 1² ಎಂಬುದು ಹುಟ್ಟಿನಿಂದಲೇ ಗೊತ್ತು. ಇದನ್ನು ಬೇರೆ ರೀತಿಯಲ್ಲೂ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುತ್ತದೆಯೇ?

4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯ ಸಂಖ್ಯೆಯನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಫರ್ಮಾ ಹೇಳಿ, ಆಯ್ಲರ್ ಸಾಧಿಸಿದ ಫಲಿತಾಂಶ ಇದು. ನಮ್ಮ ಎರಡೂ ಅಪವರ್ತನಗಳು ಈ ಬಗೆಯವು. 641ರದ್ದು ಸುಲಭ, 641 − 625 = 16, ಅಂದರೆ 25² + 4².

6700417ಕ್ಕೆ ದೊಡ್ಡ ವರ್ಗದಿಂದ ಶುರುಮಾಡಿ ಕೆಳಗಿಳಿಯಬೇಕು. ಕುರುಡಾಗಿ ಇಳಿಯುವ ಬದಲು ಕೊನೆಯ ಅಂಕಿಯನ್ನು ನೋಡಿ. ವರ್ಗಗಳು 0, 1, 4, 5, 6, 9ರಲ್ಲಿ ಮಾತ್ರ ಕೊನೆಗೊಳ್ಳುತ್ತವೆ. ಎರಡು ವರ್ಗಗಳ ಮೊತ್ತ 7ರಲ್ಲಿ ಕೊನೆಗೊಳ್ಳಬೇಕಾದರೆ ಒಂದು 1ರಲ್ಲಿಯೂ ಇನ್ನೊಂದು 6ರಲ್ಲಿಯೂ ಮುಗಿಯಬೇಕು, ಬೇರೆ ದಾರಿಯಿಲ್ಲ. ಆದ್ದರಿಂದ ನಾವು ಹುಡುಕುವ ಸಂಖ್ಯೆಯ ಕೊನೆಯ ಅಂಕಿ 1, 9, 4 ಅಥವಾ 6. ಇನ್ನೊಂದು ನಿರ್ಬಂಧವೂ ಇದೆ. 6700417ನ್ನು 8ರಿಂದ ಭಾಗಿಸಿದರೆ ಶೇಷ 1, ಬೆಸ ಸಂಖ್ಯೆಯ ವರ್ಗಕ್ಕೂ ಶೇಷ 1. ಹಾಗಾಗಿ ಸಮ ಸಂಖ್ಯೆಯ ವರ್ಗ 8ರಿಂದ ಪೂರ್ತಿ ಭಾಗವಾಗಬೇಕು, ಅಂದರೆ ಆ ಸಮ ಸಂಖ್ಯೆ 4ರ ಗುಣಕ. ಈ ಎರಡು ಜರಡಿಗಳಲ್ಲಿ ಸೋಸಿದರೆ 2588ರಿಂದ ಕೆಳಗೆ ಉಳಿಯುವವು 2584, 2581, 2579, 2576, 2571, 2569, 2564, 2561, 2559, 2556… ಒಂದೊಂದರ ವರ್ಗವನ್ನೂ ಕಳೆದು ಉಳಿದದ್ದು ವರ್ಗವೇ ಎಂದು ನೋಡಿ. 2556ಕ್ಕೆ ಬಂದಾಗ 6700417 − 6533136 = 167281, ಇದು 409ರ ವರ್ಗ.

ಈಗ ಎರಡನ್ನೂ ಕೂಡಿಸಲು ಬ್ರಹ್ಮಗುಪ್ತನ ಹೆಸರಿನಲ್ಲಿ ಪ್ರಸಿದ್ಧವಾದ ನಿತ್ಯಸಮೀಕರಣ ಬೇಕು. ಎರಡು ವರ್ಗಗಳ ಮೊತ್ತವನ್ನು ಎರಡು ವರ್ಗಗಳ ಮೊತ್ತದಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಅದೂ ಎರಡು ರೀತಿಯಲ್ಲಿ:

(ಅ² + ಬ²)(ಕ² + ಡ²) = (ಅಕ + ಬಡ)² + (ಅಡ − ಬಕ)²
(ಅ² + ಬ²)(ಕ² + ಡ²) = (ಅಕ − ಬಡ)² + (ಅಡ + ಬಕ)²

ಅ = 25, ಬ = 4, ಕ = 2556, ಡ = 409 ಎಂದು ಇಡಿ. ಅಕ = 63900, ಬಡ = 1636, ಅಡ = 10225, ಬಕ = 10224.

ಮೊದಲ ಸಾಲಿನಿಂದ 63900 + 1636 = 65536, ಮತ್ತು 10225 − 10224 = 1. ನಾವು ಶುರುಮಾಡಿದ 65536² + 1² ತಾನಾಗಿಯೇ ಮರಳಿ ಬಂತು. ಎರಡನೆಯ ಸಾಲಿನಿಂದ 63900 − 1636 = 62264, ಮತ್ತು 10225 + 10224 = 20449. ಆದ್ದರಿಂದ

4294967297 = 62264² + 20449².

ಇಲ್ಲಿ ಇನ್ನೊಂದು ವಿಶೇಷವಿದೆ. 20449 ಎಂಬುದು 143ರ ವರ್ಗ. ಹಾಗಾಗಿ ನಮ್ಮ ಸಂಖ್ಯೆಯನ್ನು 62264² + 143⁴ ಎಂದೂ ಬರೆಯಬಹುದು.

ಎರಡು ಬರವಣಿಗೆಗಳಿಂದ ಅಪವರ್ತನಕ್ಕೆ ಮರಳುವುದು

ಅವಿಭಾಜ್ಯಕ್ಕೆ ಒಂದೇ ಬರವಣಿಗೆ ಇರುವುದರಿಂದ, ಎರಡು ಬರವಣಿಗೆಗಳು ಸಿಕ್ಕ ಕೂಡಲೇ ಸಂಖ್ಯೆ ಅವಿಭಾಜ್ಯವಲ್ಲ ಎಂದು ಖಚಿತವಾಯಿತು. ಅಷ್ಟೇ ಅಲ್ಲ, ಅಪವರ್ತನಗಳನ್ನೂ ಅವುಗಳಿಂದಲೇ ಹೊರತೆಗೆಯಬಹುದು. 641ರ ಬಗ್ಗೆ ಏನೂ ಗೊತ್ತಿಲ್ಲವೆಂದುಕೊಂಡು ಮಾಡಿ ನೋಡಿ.

ಸಮ ಸಂಖ್ಯೆಗಳು 65536 ಮತ್ತು 62264, ಬೆಸ ಸಂಖ್ಯೆಗಳು 20449 ಮತ್ತು 1. ಸಮಗಳ ವ್ಯತ್ಯಾಸ 3272, ಬೆಸಗಳ ವ್ಯತ್ಯಾಸ 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನವನ್ನು ಯೂಕ್ಲಿಡ್ ವಿಧಾನದಿಂದ ತೆಗೆಯಿರಿ: 20448ನ್ನು 3272ರಿಂದ ಭಾಗಿಸಿದರೆ ಉಳಿಯುವುದು 816, 3272ನ್ನು 816ರಿಂದ ಭಾಗಿಸಿದರೆ 8, 816ನ್ನು 8ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಮ.ಸಾ.ಅ. 8. ಎರಡನ್ನೂ 8ರಿಂದ ಭಾಗಿಸಿದರೆ 409 ಮತ್ತು 2556. ಇವುಗಳ ವರ್ಗಗಳ ಮೊತ್ತ 6700417!

ಇನ್ನೊಂದು ಅಪವರ್ತನಕ್ಕೆ ಮೊತ್ತಗಳನ್ನು ನೋಡಿ. ಸಮಗಳ ಮೊತ್ತ 127800, ಬೆಸಗಳ ಮೊತ್ತ 20450, ಇವುಗಳ ಮ.ಸಾ.ಅ. 50. ಹಿಂದಿನ 8ನ್ನೂ ಈ 50ನ್ನೂ ಅರ್ಧ ಮಾಡಿದರೆ 4 ಮತ್ತು 25. ಅವುಗಳ ವರ್ಗಗಳ ಮೊತ್ತ 16 + 625, ಅದೇ 641.

ಒಂದು ಎಚ್ಚರಿಕೆ

ಅವಿಭಾಜ್ಯ ಪರೀಕ್ಷೆಯ ಚಿಕ್ಕ ಪ್ರೋಗ್ರಾಂಗಳು ಹಲವು ಬಾರಿ 2ನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ ಮಾಡುತ್ತವೆ: 2ನ್ನು ‘ಸಂಖ್ಯೆ ಕಳೆ ಒಂದು’ ಎಂಬ ಘಾತಕ್ಕೆ ಏರಿಸಿದಾಗ ಶೇಷ 1 ಬಂದರೆ ಅವಿಭಾಜ್ಯವಿರಬಹುದು ಎನ್ನುತ್ತವೆ. 4294967297ರ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ. 2³²ರ ಶೇಷ −1, ವರ್ಗ ಮಾಡಿದರೆ 1, ಆಮೇಲೆ ಎಷ್ಟು ಸಲ ವರ್ಗ ಮಾಡಿದರೂ 1. ಘಾತಾಂಕವಾದ 4294967296 ಕೂಡ 2ರ ಘಾತವೇ ಆದ್ದರಿಂದ ಶೇಷ 1 ಬಂದೇ ಬರುತ್ತದೆ. ಯಾವ ಫರ್ಮಾ ಸಂಖ್ಯೆಯನ್ನು ಕೊಟ್ಟರೂ ಇದೇ ಫಲ, ಅದು ಅವಿಭಾಜ್ಯವಾಗಿರಲಿ ಬಿಡಲಿ. ಇಂಥ ಸಂಖ್ಯೆಗಳಿಗೆ 1877ರಲ್ಲಿ ಪೆಪಾನ್ ಕೊಟ್ಟ ಪರೀಕ್ಷೆಯನ್ನು ಬಳಸಿ. ಅದರಲ್ಲಿ 3ನ್ನು ಆಧಾರವಾಗಿಟ್ಟು, ಪ್ರತಿ ಸಲವೂ ಶೇಷ ತೆಗೆಯುತ್ತಾ 31 ಬಾರಿ ವರ್ಗ ಮಾಡಬೇಕು. ಸಂಖ್ಯೆ ಅವಿಭಾಜ್ಯವಾಗಿದ್ದರೆ ಮಾತ್ರ ಕೊನೆಯ ಶೇಷ −1. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ, ಆದರೆ ಭಾಜಕ ಯಾವುದೆಂದು ಆ ಪರೀಕ್ಷೆ ಹೇಳುವುದಿಲ್ಲ.

ಅಕ್ಕಪಕ್ಕದ ಎರಡು ಸಂಖ್ಯೆಗಳು

ಒಂದು ಕಡಿಮೆಯಾದ 4294967296 ಕಂಪ್ಯೂಟರ್ ಬಲ್ಲವರಿಗೆಲ್ಲ ಪರಿಚಿತ. 32 ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆಬೇರೆ ಸಂಖ್ಯೆಗಳು ಇಷ್ಟು, ಅಂತರ್ಜಾಲದ ಹಳೆಯ ನಾಲ್ಕನೇ ಆವೃತ್ತಿಯ ಐಪಿ ವಿಳಾಸಗಳೂ ಒಟ್ಟು ಇಷ್ಟೇ.

ಎರಡು ಕಡಿಮೆಯಾದ 4294967295ರದ್ದು ರೇಖಾಗಣಿತದ ಕಥೆ. 17 ಬಾಹುಗಳ ಕ್ರಮಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದ ರಚಿಸಬಹುದೆಂದು ಗೌಸ್ 1796ರಲ್ಲಿ ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಈ ನಿರ್ಬಂಧ ಅನಿವಾರ್ಯವೆಂದು ವಾಂಟ್ಸೆಲ್ 1837ರಲ್ಲಿ ಸಾಧಿಸಿದ. ಇಂದಿಗೂ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ: 3, 5, 17, 257, 65537. ಅವುಗಳ ಗುಣಲಬ್ಧವನ್ನು ನಾವು ಆಗಲೇ ಬರೆದಿದ್ದೇವೆ. ಆದ್ದರಿಂದ ಹೀಗೆ ರಚಿಸಬಹುದೆಂದು ಗೊತ್ತಿರುವ ಬೆಸ ಬಾಹುಗಳ ಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳಿವೆ. ನಮ್ಮ ಸಂಖ್ಯೆ ಫರ್ಮಾ ಎಣಿಸಿದಂತೆ ಅವಿಭಾಜ್ಯವಾಗಿದ್ದರೆ ಈ ಸಾಲು ಅಲ್ಲಿಗೆ ನಿಲ್ಲುತ್ತಿರಲಿಲ್ಲ.

ನೀವೇ ಮಾಡಲು: ಮುಂದಿನ ಫರ್ಮಾ ಸಂಖ್ಯೆ

4294967296ನ್ನು ವರ್ಗ ಮಾಡಿ ಒಂದು ಸೇರಿಸಿದರೆ 18446744073709551617, ಅಂದರೆ 2⁶⁴ + 1. ಇಪ್ಪತ್ತು ಅಂಕಿಗಳು. ಇದರ ಭಾಜಕಗಳಿಗೆ ಮೇಲಿನ ತರ್ಕವನ್ನೇ ಹಾಕಿದರೆ 128ರ ಬದಲು 256 ಬರುತ್ತದೆ. ಪಟ್ಟಿಯಲ್ಲಿ ಈ ಸಲ ಬಹಳ ದೂರ ನಡೆಯಬೇಕು: ಮೊದಲ ಭಾಜಕ 256 × 1071 + 1, ಅಂದರೆ 274177. ಸಂಖ್ಯೆಯ ಪೂರ್ತಿ ಅಪವರ್ತನವನ್ನು ಲಾಂಡ್ರಿ 1880ರಲ್ಲಿ ಪ್ರಕಟಿಸಿದ, ಇನ್ನೊಂದು ಅಪವರ್ತನ 67280421310721. ಹುಡುಕುವುದು ಕಷ್ಟವಾದರೂ ಪರೀಕ್ಷಿಸುವುದು ಕಷ್ಟವಲ್ಲ. 2³², ಅಂದರೆ 4294967296ನ್ನು 274177ರಿಂದ ಭಾಗಿಸಿ: 274177 × 15664 = 4294708528, ಶೇಷ 258768. ಈ ಶೇಷ 274177ಕ್ಕಿಂತ 15409 ಕಡಿಮೆ, ಹಾಗಾಗಿ −15409 ಎಂದು ಇಟ್ಟುಕೊಂಡರೆ ವರ್ಗ ಮಾಡಲು ಹಗುರ. 15409ರ ವರ್ಗ 237437281. ಇದರ ಪಕ್ಕದಲ್ಲಿ 274177 × 866ನ್ನು ಗುಣಿಸಿ ಬರೆಯಿರಿ: 237437282.